ಮುಂದೆ ನಡೆಯುವವಳು

ಹವಾಲ್ದಾರ್ ಹನುಮಂತರಾಜುವಿನ ಬೂಟಿನ ಬಗ್ಗೆ ಊರ್ಡಿಗೆರೆಯಲ್ಲಿ ಆಡಿಕೊಳ್ಳದವರಿಲ್ಲ. ಮಿಲಿಟರಿಯವನ ಕಾಲಿಗೆ ಮಣ್ಣು ಅಂಟಿದರೆ ಪೆನ್ಷನ್ ನಿಂತುಹೋಗುತ್ತದಂತೆ, ಅದಕ್ಕೇ ಅವನು ಮನೆಯೊಳಗೂ ಬೂಟು ಬಿಚ್ಚುವುದಿಲ್ಲವಂತೆ, ಟಾರ್ ರೋಡ್ ಬಿಟ್ಟು ಕೆಳಗಿಳಿಯುವುದಿಲ್ಲವಂತೆ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ರಾಜು ಮಣ್ಣಿನ ಮೇಲೆ ಕಾಲಿಡುತ್ತಿರಲಿಲ್ಲ. ಮನೆಯ ಹಿಂದೆಯೇ ಇದ್ದ ತನ್ನ ತೆಂಗಿನ ತೋಟವನ್ನು ಅವನು ತಾರಸಿಯ ಮೇಲೆ ನಿಂತು ನೋಡುತ್ತಿದ್ದ. ಅವನ ತಾಯಿ ತೀರಿಕೊಂಡು ಹೊಲದಲ್ಲಿ ಮಣ್ಣು ಮಾಡುವಾಗಲೂ ರಸ್ತೆಯ ಮೇಲೆಯೇ ನಿಂತುಬಿಟ್ಟ. ಮಗ ಹಾಕಬೇಕಾದ ಹಿಡಿ ಮಣ್ಣನ್ನು ಹೆಂಡತಿ ಸುಧಾ ಹಾಕಿದಳು. ನೆಂಟರು ಮೂಗು ಮುರಿದರು. ಸುಧಾ ಅವರ ಕಡೆ ತಿರುಗಿಯೂ ನೋಡದೆ ಕೈ ತೊಳೆದುಕೊಂಡು ಬಂದು ಗಂಡನ ಪಕ್ಕ ನಿಂತಳು.

ಅವಳೊಬ್ಬಳಿಗೇ ಕಾರಣ ಗೊತ್ತಿತ್ತು. ಕಾಶ್ಮೀರದಲ್ಲಿ ಲಾರಿಗಳ ಸಾಲು ಹೊರಡುವ ಮೊದಲು ದಾರಿಯಲ್ಲಿ ಬಾಂಬು ಹೂತಿದ್ದಾರೋ ಇಲ್ಲವೋ ನೋಡಿಕೊಂಡು ಬರುವುದು ರಾಜುವಿನ ತುಕಡಿಯ ಕೆಲಸ. ಅದಕ್ಕೊಂದು ಮುರಿಯಲಾಗದ ನಿಯಮ ಇತ್ತು. ಎಲ್ಲರಿಗಿಂತ ಮುಂದೆ ನಾಯಿ, ಅದರ ಹಿಂದೆ ಅದನ್ನು ನಡೆಸುವವನು, ಅವನು ಇಟ್ಟ ಹೆಜ್ಜೆಯ ಮೇಲೇ ಮಿಕ್ಕವರ ಹೆಜ್ಜೆ. ನಾಯಿ ಬೊಗಳುವುದಿಲ್ಲ. ಮದ್ದಿನ ವಾಸನೆ ಬಂದರೆ ಕೂತುಬಿಡುತ್ತದೆ. ರೋಮಾ ಎಂಬ ಆ ಲ್ಯಾಬ್ರಡಾರ್ ಹೆಣ್ಣುನಾಯಿಯನ್ನು ನಡೆಸುತ್ತಿದ್ದವನು ಕುಣಿಗಲ್ ತಾಲ್ಲೂಕು ಮಾರ್ಕೋನಹಳ್ಳಿಯ ಸಂತೋಷ್. ಒಂದು ಬೆಳಿಗ್ಗೆ ರೋಮಾ ಕೂತಳು. ಸಂತೋಷ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಅವಳು ಹಿಡಿದದ್ದು ಒಂದು ಬಾಂಬು. ಪಕ್ಕದಲ್ಲೇ ಇನ್ನೊಂದಿತ್ತು, ಅದನ್ನು ಯಾರೋ ದೂರದಿಂದ ಸಿಡಿಸಿದರು. ಸಂತೋಷ್ ಹೋದ, ಹಿಂದಿದ್ದವರೆಲ್ಲ ಉಳಿದರು. ಅವನ ಬೆನ್ನಿಗೇ ಇದ್ದ ರಾಜುವೂ ಉಳಿದ, ಅವನ ಕಾಲುಗಳೂ ಉಳಿದವು. ಅವುಗಳ ಧೈರ್ಯ ಮಾತ್ರ ಆ ಮಣ್ಣಿನ ರಸ್ತೆಯಲ್ಲೇ ಉಳಿದುಹೋಯಿತು.

ರೋಮಾ ಅವನಿಗಿಂತ ಗಟ್ಟಿಗಿತ್ತಿ. ಗಾಯ ಮಾಯ್ದ ಮೇಲೆ ಮತ್ತೆ ಡ್ಯೂಟಿಗೆ ಹೋಗಿ, ಇನ್ನೂ ಎಷ್ಟೋ ಜನರ ಮುಂದೆ ನಡೆದು, ಮೂಗು ಮಂಕಾದ ಮೇಲೆ ನಿವೃತ್ತಳಾದಳು. ರಾಜು ಸೇನೆಗೆ ಬರೆದುಕೊಂಡು, ಕಾಡಿ ಬೇಡಿ, ರೈಲಿನಲ್ಲಿ ಹೋಗಿ ಅವಳನ್ನು ಮನೆಗೆ ಕರೆತಂದ. ಅಲ್ಲಿಂದಾಚೆಗೆ ಅವಳು ಮುಂದೆ ನಡೆದರೆ, ಬೂಟು ಹಾಕಿಕೊಂಡು, ಅವಳು ಹೋದ ಜಾಡಿನಲ್ಲೇ ಅವನೂ ಮಣ್ಣಿಗಿಳಿಯುತ್ತಿದ್ದ. ಅವಳಿಲ್ಲದೆ ಒಂದು ಹೆಜ್ಜೆಯೂ ಇಲ್ಲ. ಮಾರ್ಕೋನಹಳ್ಳಿಯಿಂದ ಸಂತೋಷನ ತಾಯಿ ಭದ್ರಮ್ಮ ಫೋನ್ ಮಾಡಿ, "ಯಾವಾಗ ಬತ್ತೀಯಪ್ಪಾ, ನಾಯೀನೂ ಕರ್ಕೊಂಡ್ ಬಾ," ಅಂದಾಗೆಲ್ಲ, "ಬರ್ತೀನಮ್ಮಾ," ಅನ್ನುತ್ತಿದ್ದ. ಸಂತೋಷನನ್ನು ಮಣ್ಣು ಮಾಡಿ ಕಟ್ಟಿದ ಗದ್ದುಗೆ ಇರುವುದು ಅವರ ತೋಟದ ನಡುವೆ. ಅಲ್ಲಿಗೆ ಟಾರ್ ರೋಡ್ ಇಲ್ಲ. ರೋಮಾ ಜೊತೆಗಿದ್ದರೂ ಅಷ್ಟು ದೂರದ ಮಣ್ಣಿನ ದಾರಿಗೆ ಧೈರ್ಯ ಸಾಲದೆ ಆ ಮಾತು ಮಾತಾಗಿಯೇ ಉಳಿದಿತ್ತು.

ಹೀಗಿರುವಾಗ ರೋಮಾ ಊಟ ಬಿಟ್ಟಳು. ತುಮಕೂರಿನಲ್ಲಿ ಡಾಕ್ಟರ್ ಮಾಲಿನಿ ಎಕ್ಸ್‌ರೇ ತೆಗೆಸಿ ನೋಡಿದರು. ಸೊಂಟದ ಕೀಲು ಸವೆದಿತ್ತು, ಹೊಟ್ಟೆಯೊಳಗೆ ಗಡ್ಡೆ ಬೆಳೆದಿತ್ತು.

"ಇವಳನ್ನ ಎಲ್ಲಿಗಾದ್ರೂ ಕರ್ಕೊಂಡ್ ಹೋಗೋದಿದ್ರೆ ಈಗ್ಲೇ ಹೋಗ್ಬಿಡಿ, ರಾಜು ಅವ್ರೇ," ಅಂದರು ಡಾಕ್ಟರು. "ಇನ್ನೊಂದು ವಾರಕ್ಕೆ ನಡೀತಾಳೋ ಇಲ್ವೋ ಹೇಳಕ್ಕಾಗಲ್ಲ."

ರಾಜು ಲೆಕ್ಕ ಹಾಕಿದ. ಇವಳು ನಡೆಯುವಾಗಲೇ ಸಂತೋಷನ ಹತ್ತಿರ ಹೋಗಬೇಕು. ಇಲ್ಲವಾದರೆ ಇವಳಿಗೂ ಆ ಭಾಗ್ಯವಿಲ್ಲ, ತನಗಂತೂ ಈ ಜನ್ಮದಲ್ಲಿ ಇಲ್ಲ. ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ಭದ್ರಮ್ಮನಿಗೆ ಫೋನ್ ಮಾಡಿ, ಇವತ್ತೇ ಬರುತ್ತೇನೆ ಎಂದ.

ಬಸ್ಸಿನ ಕಂಡಕ್ಟರು ನಾಯಿಯನ್ನು ನೋಡಿದವನೇ ಕೈಯಾಡಿಸಿದ. ಕೊನೆಗೆ ಸಿಕ್ಕಿದ್ದು ಊರ್ಡಿಗೆರೆಯವನೇ ಆದ ಶಿವರಾಮಯ್ಯನ ಕೊಬ್ಬರಿ ಟೆಂಪೋ. ಅವನು ಮೊದಲು ಗುಬ್ಬಿಗೆ ಹೋಗಿ ಖಾಲಿ ಚೀಲ ಇಳಿಸಿ, ಆಮೇಲೆ ಕುಣಿಗಲ್ಲಿಗೆ ಹೋಗುವವನಿದ್ದ.

"ಸುತ್ತಾಯ್ತದೆ ಕಣಣ್ಣ," ಅಂದ ಶಿವರಾಮಯ್ಯ.

"ಎಷ್ಟ್ ಸುತ್ತಾದ್ರೂ ಪರ್ವಾಗಿಲ್ಲ, ಸಂಜೆ ಒಳಗೆ ಮುಟ್ಟುಸ್ಬುಡು," ಅಂದ ರಾಜು.

ರೋಮಾಳನ್ನು ಹಿಂದೆ ಚೀಲಗಳ ಮೇಲೆ ಮಲಗಿಸಲು ಹೋದರೆ ಅವಳು ಒಪ್ಪಲಿಲ್ಲ. ಮುಂದಿನ ಸೀಟಿಗೇ ಹತ್ತಿಸಬೇಕಾಯಿತು. ಜೀವಮಾನವೆಲ್ಲ ಎಲ್ಲರಿಗಿಂತ ಮುಂದೆ ಇದ್ದವಳು, ಸಾಯುವಾಗ ಹಿಂದೆ ಕೂರುತ್ತಾಳೆಯೇ? ಗಾಜಿನಾಚೆಯ ರಸ್ತೆಯನ್ನು ಕಣ್ಣು ಕೀಲಿಸಿ ನೋಡುತ್ತ ಕೂತಳು. ಶಿವರಾಮಯ್ಯ ರಸ್ತೆಯ ಪ್ರತಿ ಉಬ್ಬಿಗೂ ಅವಳ ಒಪ್ಪಿಗೆ ಕೇಳುವವನಂತೆ ನಿಧಾನ ಮಾಡುತ್ತಿದ್ದ.

ಗುಬ್ಬಿಯ ಮಂಡಿಯೊಂದರ ಮುಂದೆ ಚೀಲ ಇಳಿಸುವಾಗ ರಾಜು ಅವಳನ್ನು ಒಂದಕ್ಕೆಂದು ಕೆಳಗಿಳಿಸಿದ. ಪಕ್ಕದ ಖಾಲಿ ಜಾಗಕ್ಕೆ ಅವಳು ಮುಂದೆ ಹೋದಳು, ಇವನು ಹಿಂದೆ ಹೋದ. ನಾಲ್ಕು ಮಾರು ಹೋಗಿರಬಹುದು, ರೋಮಾ ಕೂತಳು.

ರಾಜುವಿನ ಕೈ ತಾನಾಗಿಯೇ ಮೇಲೆದ್ದಿತು. "ಯಾರೂ ಅಲ್ಲಾಡ್ಬೇಡಿ! ನಿಂತಲ್ಲೇ ನಿಂತ್ಕೊಳ್ಳಿ!" ಎಂದು ಗರ್ಜಿಸಿದ.

ಗುಬ್ಬಿಯ ಜನ ಯಾರಪ್ಪನ ಮಾತನ್ನೂ ಅಷ್ಟು ಸುಲಭಕ್ಕೆ ಕೇಳುವವರಲ್ಲ. ಆದರೆ ಆ ದನಿಯಲ್ಲಿ ಏನಿತ್ತೋ, ಮಂಡಿಯ ಮುಂದೆ ಎಲ್ಲವೂ ನಿಂತುಹೋಯಿತು. ಕೊಬ್ಬರಿ ಚೀಲ ಹೊತ್ತ ಹಮಾಲಿ ಅಂಜನಪ್ಪ ಚೀಲದ ಸಮೇತ ನಿಂತ. ಕಾಫಿ ಕುಡಿಯುತ್ತಿದ್ದ ಸಾಹುಕಾರ ಲೋಟವನ್ನು ಬಾಯಿಯ ಹತ್ತಿರ ಇಟ್ಟುಕೊಂಡೇ ನಿಂತ. ಅಷ್ಟರಲ್ಲಿ ರೋಮಾ ಎದ್ದೇಳಲು ಮುಂಗಾಲು ಊರಿದಳು. ಹಿಂಗಾಲು ಏಳಲಿಲ್ಲ. ಕುಂಯ್ ಎಂದು ಅವನ ಕಡೆ ತಿರುಗಿ ನೋಡಿದಳು. ಆಗ ಅವನಿಗೆ ಅರ್ಥವಾಯಿತು. ಅಲ್ಲಿ ಬಾಂಬೂ ಇರಲಿಲ್ಲ, ಮಣ್ಣಂಗಟ್ಟಿಯೂ ಇರಲಿಲ್ಲ. ಮುದುಕಿಗೆ ಸೊಂಟ ನೋಯುತ್ತಿತ್ತು, ಕೂತಿದ್ದಳು.

"ಇನ್ನೂ ಎಷ್ಟೊತ್ತು ನಿಂತ್ಕಬೇಕ್ ಸಾ, ಕತ್ತು ಮುರೀತಾ ಐತೆ," ಅಂದ ಅಂಜನಪ್ಪ. ಎಲ್ಲರೂ ಗೊಳ್ಳೆಂದರು.

ರಾಜು ನಗಲಿಲ್ಲ, ವಾಪಸ್ಸೂ ಬರಲಿಲ್ಲ. ಬರಲು ಆಗಲಿಲ್ಲ. ಕಾಲಿಗೆ ಬುದ್ಧಿ ಹೇಳಿ ಓಡಿಹೋದವರ ಕಥೆ ನಾವು ಕೇಳಿದ್ದೇವೆ. ಇವನ ಕಾಲು ಬುದ್ಧಿಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಶಿವರಾಮಯ್ಯ ಒಂದು ಗಳಿಗೆ ಅವನ ಬೂಟುಗಳನ್ನೇ ನೋಡಿದ. ಊರಿನ ಪೆನ್ಷನ್ ಜೋಕಿಗೆ ತಾನೂ ನಕ್ಕಿದ್ದು ಅವನಿಗೆ ನೆನಪಾಗಿರಬೇಕು. ಏನೂ ಕೇಳದೆ ಟೆಂಪೋ ಹತ್ತಿ, ಹಿಂದಕ್ಕೆ ತಗೊಂಡು ತಗೊಂಡು, ಸರಿಯಾಗಿ ರಾಜುವಿನ ಹಿಮ್ಮಡಿಯ ಹತ್ತಿರ ತಂದು ನಿಲ್ಲಿಸಿ ಹಿಂದಿನ ಬಾಗಿಲು ಇಳಿಸಿದ. "ಹತ್ತಣ್ಣ," ಅಂದ. ನಗುತ್ತಿದ್ದವರ ಕಡೆ ತಿರುಗಿ, "ನಗ್ಬ್ಯಾಡ್ರಲಾ, ನಿಮ್ಮಂಥೋರ್ ನಗ್ತಾ ಇರ್ಲಿ ಅಂತ್ಲೇ ಇವ್ರು ಅಲ್ಲಿ ನಡೆದದ್ದು," ಅಂತ ಗದರಿ, ರೋಮಾಳನ್ನೂ ಎತ್ತಿ ತಂದು, ಟಾರ್ ರೋಡಿಗೆ ಬಂದ ಮೇಲೆ ಇಬ್ಬರನ್ನೂ ಮುಂದಿನ ಸೀಟಿಗೆ ಹತ್ತಿಸಿಕೊಂಡ. ಅಂಥ ಮನುಷ್ಯ ಶಿವರಾಮಯ್ಯ. ಅವನ ಟೆಂಪೋಗೆ ಇನ್ಶೂರೆನ್ಸ್ ಇಲ್ಲದಿದ್ದರೂ ದೇವರು ಕಾಯುತ್ತಾನೆ.

ಟೆಂಪೋ ಹೊರಟ ಮೇಲೆ ರಾಜುವಿಗೆ ಚಿಂತೆ ಹತ್ತಿತು. ಇನ್ನು ಮೇಲೆ ಇವಳು ಕೂತರೆ ಅದು ನೋವೋ ಮದ್ದೋ? ಅವನ ತಲೆಗೆ ಗೊತ್ತು, ಮಾರ್ಕೋನಹಳ್ಳಿಯ ತೋಟದಲ್ಲಿ ಯಾರು ಬಾಂಬು ಇಡುತ್ತಾರೆ? ಕಾಲಿಗೆ ಗೊತ್ತಿಲ್ಲವಲ್ಲ. ಬರುವುದಿಲ್ಲ ಎಂದು ಹೇಳಿಬಿಡೋಣ ಎಂದು ಫೋನ್ ಹಚ್ಚಿದ.

"ಎಲ್ಲಿದ್ದೀಯಪ್ಪಾ?" ಅಂದರು ಭದ್ರಮ್ಮ. "ಕುಣಿಗಲ್ ದಾಟುದ್ರಾ? ಮುದ್ದೆಗೆ ನೀರಿಟ್ಟಿವ್ನಿ."

"ದಾಟ್ತಾ ಇದೀವಮ್ಮಾ," ಅಂದುಬಿಟ್ಟ ರಾಜು. ಟೆಂಪೋ ಇನ್ನೂ ಗುಬ್ಬಿಯ ಕೆರೆ ಏರಿಯ ಮೇಲಿತ್ತು.

ಶಿವರಾಮಯ್ಯ ಕಿಸಕ್ಕನೆ ನಕ್ಕು ಗೇರು ಬದಲಿಸಿದ. "ಮುದ್ದೆ ಆರೋದ್ರೊಳಗೆ ನಿನ್ ಸುಳ್ಳ ನಿಜ ಮಾಡ್ಬೇಕಲ್ಲಣ್ಣ," ಅಂದು ಟೆಂಪೋವನ್ನು ಓಡಿಸಿದ ಪರಿಗೆ ಕುಣಿಗಲ್ಲಿಗೆಂದು ಹಿಂದೆ ಮಿಕ್ಕಿದ್ದ ಚೀಲಗಳು ಎದ್ದೆದ್ದು ಬಿದ್ದವು. ಕುಣಿಗಲ್ಲಿನಲ್ಲಿ ಕುದುರೆ ಫಾರ್ಮಿನ ಬೇಲಿ ಬಂದಾಗ ರೋಮಾ ಮೂಗೆತ್ತಿ ಗಾಳಿ ಎಳೆದುಕೊಂಡಳು, ಕಿವಿ ನೆಟ್ಟಗಾದವು. ನಾಯಿಗಳ ಜೊತೆಗೇ ಕುದುರೆಗಳನ್ನೂ ಸಾಕುವ ಸೇನೆಯ ಲಾಯದ ವಾಸನೆ ನೆನಪಾಗಿರಬೇಕು. ರಾಜು ಅವಳ ತಲೆ ಸವರಿದ.

ಮಾರ್ಕೋನಹಳ್ಳಿಯಲ್ಲಿ ಟಾರ್ ಮುಗಿಯುವ ಕಡೆ ಭದ್ರಮ್ಮ ನಿಂತಿದ್ದರು. ಹಣೆ ತುಂಬ ವಿಭೂತಿ, ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಮುಚ್ಚಿದ ತಟ್ಟೆ. ಟೆಂಪೋದಿಂದ ಇಳಿದ ರೋಮಾಳನ್ನು ನೋಡಿ ಅವರು ಅಳಲಿಲ್ಲ. ಬಗ್ಗಿ, ತೀರಾ ಸಹಜವಾಗಿ, "ಏನ್ ಮಗಾ, ಉಂಡ್ಯಾ?" ಅಂದರು.

ರೋಮಾಳ ಬಾಲ ಅಲ್ಲಾಡಿತು. ಆ ದನಿಯನ್ನು ಅವಳು ಮೊದಲು ಕೇಳಿರಲಿಲ್ಲ, ಆದರೆ ಆ ಮಾತು ಅವಳಿಗೆ ಗೊತ್ತಿತ್ತು. ಆಜ್ಞೆಗಳೆಲ್ಲ ಹಿಂದಿಯಲ್ಲಿದ್ದರೂ ಸಂತೋಷ್ ದಿನವೂ ಅವಳ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳುತ್ತಿದ್ದದ್ದು ಇದನ್ನೇ, ಇದೇ ಎಳೆತದಲ್ಲಿ. ತಾಯಿಯಿಂದ ಮಗ ಕಲಿತದ್ದನ್ನು ಮಗನಿಂದ ನಾಯಿ ಕಲಿತಿತ್ತು. ಅವಳು ಕುಂಟುತ್ತ ಹೋಗಿ ಭದ್ರಮ್ಮನ ಮೊಣಕಾಲಿಗೆ ತಲೆ ಒತ್ತಿದಳು. ಆಮೇಲೆ ತೋಟದ ದಾರಿಯ ಕಡೆ ತಿರುಗಿ ಎರಡು ಹೆಜ್ಜೆ ಇಟ್ಟಳು, ಕೂತುಬಿಟ್ಟಳು.

ರಾಜು ಟಾರಿನ ಅಂಚಿನಲ್ಲಿ ನಿಂತ. ಹಿಂದಿನ ದಿನ ನಾಲೆ ಬಿಟ್ಟಿದ್ದರು, ದಾರಿಯ ಮಣ್ಣು ನೆಂದು ಮೆತ್ತಗಾಗಿತ್ತು. ಸುಧಾಳನ್ನು ಬಿಟ್ಟು ಯಾರಿಗೂ ಹೇಳದಿದ್ದನ್ನು ಹೇಳಿದ.

"ಅಮ್ಮಾ, ನಂಗೆ ಮಣ್ಣಿನ್ ಮ್ಯಾಲೆ ಕಾಲಿಡಕ್ಕಾಗಲ್ಲ. ಅದಕ್ಕೇ ಇಷ್ಟ್ ವರ್ಷ ಬರ್ಲಿಲ್ಲ. ರೋಮಾ ಮುಂದೆ ಹೋದ್ರೆ ಮಾತ್ರ ಹೋಗ್ತೀನಿ. ಅವ್ಳು ಇನ್ನು ನಡೆಯಲ್ಲ."

ಭದ್ರಮ್ಮ ಅವನ ಮುಖ ನೋಡಿದರು. ಅಯ್ಯೋ ಪಾಪ ಅನ್ನಲಿಲ್ಲ, ಹುಚ್ಚು ಬಿಡು ಅಂತಲೂ ಅನ್ನಲಿಲ್ಲ. "ನಮ್ ಸಂತೋಷ ರಜಕ್ಕೆ ಬಂದಾಗ ಇದೇ ದಾರೀಲಿ ನಡೆದು ತೋರ್ಸಿದ್ದ," ಅಂದರು. "ಮುಂದ್ಲೋರ ಹೆಜ್ಜೆ ಮ್ಯಾಲೇ ಹಿಂದ್ಲೋರ ಹೆಜ್ಜೆ ಅಂತ. ನಾಯೀನ ಎತ್ಕೋ. ನಾನ್ ಮುಂದೆ ಹೋಯ್ತೀನಿ."

"ಬ್ಯಾಡಮ್ಮಾ, ನೀವು ಮುಂದೆ ಹೋಗ್ಬಾರ್ದು." ರಾಜು ಕೈ ಅಡ್ಡ ಚಾಚಿದ.

"ನನ್ ಮಗ ಹೋಗ್ಬೋದಾಗಿತ್ತು, ನಾನ್ ಹೋಗ್ಬಾರ್ದಾ?"

ರಾಜು ಬಗ್ಗಿ ರೋಮಾಳನ್ನು ಎತ್ತಲು ಹೋದ.

"ಬೂಟ್ ಬಿಚ್ಚಪ್ಪಾ," ಅಂದರು ಭದ್ರಮ್ಮ. "ಗದ್ದುಗೆ ದಾರಿ."

ಅವನು ಬೂಟು ಬಿಚ್ಚಿದ. ಬಿಸಿಲು ಕಾಣದ ಪಾದಗಳು ಬಿಳಿಚಿಕೊಂಡಿದ್ದವು. ರೋಮಾಳನ್ನು ಕುರಿಮರಿಯಂತೆ ಹೆಗಲ ಮೇಲೆ ಹಾಕಿಕೊಂಡ. ಮುಂದೆ ಭದ್ರಮ್ಮ ನಡೆದರು. ಒದ್ದೆ ಮಣ್ಣಿನಲ್ಲಿ ಅವರ ಹೆಜ್ಜೆ ಅಚ್ಚೊತ್ತಿದಂತೆ ಮೂಡುತ್ತಿತ್ತು. ಅವು ಪುಟ್ಟ ಹೆಜ್ಜೆಗಳು, ಇವನ ಅರ್ಧ ಪಾದ ಹೊರಗೇ ಉಳಿಯುತ್ತಿತ್ತು. ಮೊದಲ ಹೆಜ್ಜೆ ಇಟ್ಟು ನಿಂತ. ಎರಡನೆಯದನ್ನು ಇಟ್ಟು ಮತ್ತೆ ನಿಂತ.

"ನಿಂತ್ಕಬ್ಯಾಡ, ಮಾತಾಡ್ತಾ ಬಾ," ಅಂದರು ಅವರು, ತಿರುಗಿ ನೋಡದೆ. "ಈ ಮರ ಅವ್ನೇ ನೆಟ್ಟಿದ್ದು. ಈಗ ಗೊನೆ ಬಿಟ್ಟೈತೆ. ಇಲ್ಲಿ ಜಾರ್ತದೆ, ಬೆರಳೂರಿ ನಡಿ. ನಾಯಿ ಭಾರವಾ?"

"ಇಲ್ಲಮ್ಮಾ."

"ಅವ್ನು ಹುಟ್ಟಿದಾಗ ಭಾಳ ಭಾರ ಇದ್ದ."

ಮಗ ಹೋದ ದಿನದಿಂದ ಆ ದಾರಿಯಲ್ಲಿ ಒಬ್ಬರೇ ಓಡಾಡಿದ ಹೆಂಗಸು, ಮಗನ ಹಿಂದೆ ಬದುಕಿ ಉಳಿದವನನ್ನು ಹೀಗೆ ತಮ್ಮ ಹೆಜ್ಜೆಯ ಮೇಲೆ ನಡೆಸಿಕೊಂಡು ಹೋದರು. ಎಂಥಾ ತಾಯಿ! ಪದಕ ಕೊಡುವವರು ಇಂಥವರ ಕೊರಳನ್ನು ಯಾಕೆ ನೋಡುವುದಿಲ್ಲವೋ ತಿಳಿಯದು.

ಗದ್ದುಗೆಯ ಹತ್ತಿರ ರಾಜು ರೋಮಾಳನ್ನು ಇಳಿಸಿದ. ಅವಳು ಕಲ್ಲಿನ ಸುತ್ತ ಮೂಸಿದಳು. ಒಂದು ಮೂಲೆಯನ್ನು ಮತ್ತೆ ಮೂಸಿದಳು. ರಾಜು ಕಣ್ಣು ಕೀಳದೆ ನೋಡುತ್ತಿದ್ದ. ಅವಳು ಕೂರಲಿಲ್ಲ. ಕಲ್ಲಿಗೆ ಮೈ ಆನಿಸಿ, ಕಾಲು ಚಾಚಿ, ಡ್ಯೂಟಿ ಮುಗಿದವಳಂತೆ ಮಲಗಿಬಿಟ್ಟಳು. ಭದ್ರಮ್ಮ ಪಕ್ಕದಲ್ಲಿ ಕೂತು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ತಟ್ಟೆಯ ಮುದ್ದೆಯನ್ನು ಮೊದಲು ಗದ್ದುಗೆಗೆ ಎಡೆ ಇಟ್ಟು, ಅದರಿಂದಲೇ ಚೂರು ಮುರಿದು ಅವಳ ಬಾಯಿಯ ಹತ್ತಿರ ಹಿಡಿದರು. ದಿನಗಟ್ಟಲೆ ಏನೂ ಮುಟ್ಟದವಳು ಮೂಸಿ, ನೆಕ್ಕಿ, ನಿಧಾನವಾಗಿ ತಿಂದಳು. ಎರಡನೆಯ ತುತ್ತು ಗಂಟಲಿಗೆ ಸಿಕ್ಕಿ ಕೆಮ್ಮಿದಳು.

ಚೊಂಬಿನ ನೀರೆಲ್ಲ ಗದ್ದುಗೆ ತೊಳೆಯಲು ಆಗಿಹೋಗಿತ್ತು. ರಾಜು ಚೊಂಬು ಎತ್ತಿಕೊಂಡವನೇ ಮರಗಳ ಆಚೆಯ ನಾಲೆಗೆ ಓಡಿದ. ಅಲ್ಲಿಗೆ ದಾರಿಯೂ ಇರಲಿಲ್ಲ, ಯಾರ ಹೆಜ್ಜೆಯೂ ಇರಲಿಲ್ಲ. ಬರಿಯ ಕೆಸರು ಇತ್ತು, ಬಿದ್ದ ತೆಂಗಿನ ಗರಿ ಇತ್ತು. ಭದ್ರಮ್ಮ ಕರೆಯಲು ಬಾಯಿ ತೆರೆದವರು, ಹಾಗೇ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವನು ನೀರು ತಂದು, ಅಂಗೈಯಲ್ಲಿ ಹಿಡಿದು ರೋಮಾಳಿಗೆ ಕುಡಿಸಿದ. ಅವಳು ಕಣ್ಣು ಮುಚ್ಚಿಕೊಂಡು ಲೊಚಲೊಚನೆ ಕುಡಿದಳು.

ಅವಳು ಕುಡಿದು ಮುಗಿಸುವವರೆಗೂ ಭದ್ರಮ್ಮ ಅವಳ ತಲೆಯನ್ನು ಎತ್ತಿ ಹಿಡಿದಿದ್ದರು. ಆಮೇಲೆ ಮೆಲ್ಲಗೆ, "ನಾಲೇತಾವ ಹೋಗಿದ್ದೋನು ಕಾಲ್ ತೊಳ್ಕೊಂಡ್ ಬರದಲ್ವಾ, ರಾಜು? ಮಂಡಿಗಂಟ ಕೆಸರಾಗೈತೆ," ಅಂದರು.

ರಾಜು ಬಗ್ಗಿ ತನ್ನ ಕಾಲು ನೋಡಿಕೊಂಡ. ಆಮೇಲೆ ನಾಲೆಯಿಂದ ಇಲ್ಲಿಯವರೆಗೆ ಬಂದಿದ್ದ ಹೆಜ್ಜೆಗಳನ್ನು ನೋಡಿದ. ಎಲ್ಲವೂ ಅವನವೇ. ಅವನ ಬಾಯಿ ಅಳುವ ಮಗುವಿನ ಹಾಗೆ ಸೊಟ್ಟಗಾಯಿತು. ರೋಮಾಳ ಬೆನ್ನಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತ. ಭದ್ರಮ್ಮ ಒಂದು ಕೈ ನಾಯಿಯ ಮೇಲೆ, ಇನ್ನೊಂದು ಕೈ ಅವನ ತಲೆಯ ಮೇಲೆ ಇಟ್ಟುಕೊಂಡು ಕೂತರು.

ಹೊತ್ತು ಇಳಿಯಿತು. ರಸ್ತೆಯಲ್ಲಿ ಶಿವರಾಮಯ್ಯ ಹಾರನ್ ಹೊಡೆದ. ಭದ್ರಮ್ಮ ಚೊಂಬಿನಲ್ಲಿ ಉಳಿದಿದ್ದ ನೀರನ್ನು ರಾಜುವಿನ ಕಡೆ ಚಾಚಿದರು. "ತಗೋ, ಕಾಲಾದ್ರೂ ತೊಳ್ಕೊ."

"ಬ್ಯಾಡಮ್ಮಾ," ಅಂದ ರಾಜು, ಕಣ್ಣು ಒರೆಸಿಕೊಂಡು. "ಹಿಂಗೇ ಇರ್ಲಿ. ಸುಧಾ ನೋಡ್ಲಿ."