ಯಾವ ನೋಡೋಣ

ಆ ಮನೆಯಲ್ಲಿ ‘ಇಲ್ಲ’ ಅನ್ನುವ ಮಾತು ಬಳಕೆಯಲ್ಲಿರಲಿಲ್ಲ. ಅದರ ಜಾಗದಲ್ಲಿ ‘ನೋಡೋಣ’ ಬಂದು ಕೂತಿತ್ತು.

ಕೂರಿಸಿದವಳು ಅಮ್ಮನೇ. ನಾಲ್ಕು ವರ್ಷದ ಹಿಂದೆ ಅವಳ ಗಂಡ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಲು ಹೊರಟಾಗ ರೇಡಿಯೋ ತೆಗೆದುಕೊಂಡು ಹೋದ, ಬಾಡಿಗೆಯನ್ನು ಬಿಟ್ಟು ಹೋದ. ಅದಾದ ಮೊದಲ ತಿಂಗಳು ಅವಳು ಮಗಳಿಗೆ ದಿನಕ್ಕೆ ಹತ್ತು ಸಲ ‘ಇಲ್ಲ’ ಅಂದಿರಬೇಕು. ಒಂದು ಸಂಜೆ ಏಳು ವರ್ಷದ ಹುಡುಗಿ ಮೋಟು ಪೆನ್ಸಿಲ್ ಹಿಡಿದು ಒಲೆಯ ಹತ್ತಿರ ಬಂದು ನಿಂತಳು, ಅಮ್ಮನ ಮುಖ ನೋಡಿದಳು, ಬಾಯಿ ಬಿಡುವ ಮೊದಲೇ “ಇಲ್ಲ ಅಲ್ವಾ?” ಅಂದು ಹಿಂತಿರುಗಿ ಹೋದಳು. ಅವತ್ತಿನಿಂದ ಅಮ್ಮ ಆ ಮಾತಿಗೆ ರಜೆ ಕೊಟ್ಟು ‘ನೋಡೋಣ’ವನ್ನು ಕೆಲಸಕ್ಕೆ ಇಟ್ಟುಕೊಂಡಳು. ಮೆತ್ತಗಿನ ಮಾತು, ಯಾರಿಗೂ ಚುಚ್ಚುವುದಿಲ್ಲ, ಖರ್ಚೂ ಇಲ್ಲ.

ಹುಡುಗಿ ಚುರುಕು. ತಿಂಗಳು ತುಂಬುವುದರೊಳಗೆ ನೋಡೋಣದ ಅರ್ಥ ಹಿಡಿದುಬಿಟ್ಟಳು. ಬಣ್ಣದ ಪೆಟ್ಟಿಗೆ ಕೇಳಿದರೆ ನೋಡೋಣ, ಸೈಕಲ್ ಕೇಳಿದರೆ ನೋಡೋಣ. ಎರಡನೇ ಸಲ ಕೇಳುವ ಅಭ್ಯಾಸವೇ ಹೋಯಿತು. ಬಾಗಿಲಿಗೆ ಬಂದ ಪ್ಲಾಸ್ಟಿಕ್ ಬಕೆಟ್ಟಿನವನಿಗೆ “ನೋಡೋಣ ಅಣ್ಣಾ” ಅಂದು ಕದ ಹಾಕುವಷ್ಟು ಪಳಗಿದಳು. ಅವನು ಪಾಪ, ನೋಡುತ್ತಾರೇನೋ ಅಂದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.

ಅಮ್ಮ ಪುಸ್ತಕಗಳಿಗೆ ಬೈಂಡ್ ಹಾಕುವ ಕಡೆ ಕೆಲಸಕ್ಕಿದ್ದಳು. ಹಾಳೆ ಮಡಿಸಬೇಕು, ಕಟ್ಟು ಹೊಲಿಯಬೇಕು, ಬೆನ್ನಿಗೆ ಅಂಟು ಬಳಿಯಬೇಕು. ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ಯಜಮಾನರು ಕೆಲಸದವರಿಗೆ ಬಿಟ್ಟುಕೊಡುತ್ತಿದ್ದರು. ಅವಳು ಅವನ್ನು ಮನೆಗೆ ತಂದು ಅಂಗೈ ಅಗಲದ ಪುಸ್ತಕ ಹೊಲಿದುಕೊಡುತ್ತಿದ್ದಳು. ಆ ಪುಸ್ತಕದಲ್ಲೇ ಮಗಳು ವಾರದ ಬೆಲೆಗಳನ್ನು ಬರೆಯುತ್ತಿದ್ದುದು. ಸಂಬಳ ಒಂದನೇ ತಾರೀಕು ಗೆಲುವಾಗಿ ಬರುತ್ತಿತ್ತು, ಇಪ್ಪತ್ತರ ಹೊತ್ತಿಗೆ ಏದುಸಿರು ಬಿಡುತ್ತಿತ್ತು. ಒಲೆಯ ಮೇಲಿನ ಹಲಗೆಯಲ್ಲಿ ನಾಲ್ಕು ಡಬ್ಬಿ ಇದ್ದವು. ಬಾಡಿಗೆ, ದಿನಸಿ, ಸ್ಕೂಲು ಅಂತ ಮೂರರ ಮೇಲೆ ಚೀಟಿ ಅಂಟಿಸಿತ್ತು. ನಾಲ್ಕನೆಯದಕ್ಕೆ ಚೀಟಿ ಇರಲಿಲ್ಲ, ಆದರೆ ಅದರಲ್ಲಿ ಏನಿದೆ ಅಂತ ಇಬ್ಬರಿಗೂ ಗೊತ್ತಿತ್ತು: ಕಾಗದ ಕತ್ತರಿಸುವ ಹಳೆಯ ಕೈಯಂತ್ರಕ್ಕೆ ಕೂಡಿಡುತ್ತಿದ್ದ ಹಣ. ಯಂತ್ರ ಮನೆಗೆ ಬಂದರೆ ಸಂಜೆ ಹೊತ್ತು ಸ್ವಂತ ಕೆಲಸ ಹಿಡಿಯಬಹುದಿತ್ತು.

ಡಬ್ಬಿಗಳ ಮೇಲ್ವಿಚಾರಣೆ ಮಗಳದು. ಹಾಗಾಗಿ ಅವಳಿಗೆ ‘ಮಂತ್ರಿ’ ಅಂತ ಹೆಸರು ಬಿದ್ದಿತ್ತು.

ಶನಿವಾರ ಮಧ್ಯಾಹ್ನ ಇಬ್ಬರೂ ಸಂತೆಬೀದಿಗೆ ಹೋಗುತ್ತಿದ್ದರು. ಅಲ್ಲಿ ಪ್ರತಿ ಅಂಗಡಿಯವರೂ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬೆಲೆ ಬರೆದು ಹೊರಗೆ ಇಡುತ್ತಿದ್ದರು. ಎಡಗಡೆ ಸಾಲು ಅಮ್ಮನದು, ಬಲಗಡೆ ಸಾಲು ಮಂತ್ರಿಯದು. ಬೆಲೆ ಓದಿಕೊಂಡು ಬೀದಿಯ ಕೊನೆಯ ನಲ್ಲಿಯ ಹತ್ತಿರ ಸೇರುವುದು, ಎಲ್ಲಿ ಏನು ಅಗ್ಗ ಅಂತ ಕೂಡಿ ಕಳೆದು ಆಮೇಲೆ ಚೀಲ ಬಿಚ್ಚುವುದು. ಎರಡು ವರ್ಷದಿಂದ ಇದೇ ಪದ್ಧತಿ. ಒಂದು ಸಲವೂ ಲೆಕ್ಕ ತಪ್ಪಿರಲಿಲ್ಲ.

ಈ ಶನಿವಾರ ತಪ್ಪಿತು.

“ಆಲೂಗಡ್ಡೆ ಮೂಲೆ ಅಂಗಡೀಲಿ ಮೂವತ್ತಮೂರು,” ಅಂದಳು ಮಂತ್ರಿ. ಅಮ್ಮ ಎರಡು ಕೆ.ಜಿ. ತೂಗಿಸಿ ಸರಿಯಾದ ಚಿಲ್ಲರೆ ಎಣಿಸಿ ಕೊಟ್ಟಳು.

ಅಂಗಡಿಯವನು ಕೈ ಚಾಚಿಯೇ ಇದ್ದ. “ಅಕ್ಕಾ, ಇನ್ನೂ ಹತ್ತು.”

“ಯಾಕಪ್ಪಾ? ಹಲಗೆ ಮೇಲೆ ಮೂವತ್ತಮೂರು ಬರೆದು, ಒಳಗೆ ಬಂದ್ಮೇಲೆ ಇನ್ನೊಂದು ರೇಟಾ?”

“ನೀವೇ ಹೊರಗೆ ಬಂದು ನೋಡಿ ಅಕ್ಕಾ. ನನ್ನ ಅಕ್ಷರ ಕೆಟ್ಟದಿರಬಹುದು, ಅಂಕಿ ಚೆನ್ನಾಗೇ ಬರೀತೀನಿ.”

ನೋಡಿದಳು. ಮೂವತ್ತೆಂಟು. ಹೊಟ್ಟೆ ತುಂಬಿದ ದುಂಡನೆಯ ಎಂಟು, ಯಾರೂ ಮೂರು ಅನ್ನುವ ಹಾಗಿರಲಿಲ್ಲ. ಹತ್ತು ಕೊಟ್ಟು, ಮಗಳ ಕಡೆ ತಿರುಗಿದಳು.

“ಮಂತ್ರಿಗಳು ಇವತ್ತು ನಿದ್ದೆಗಣ್ಣಲ್ಲಿದ್ದಾರಾ?”

ಪಕ್ಕದಲ್ಲಿ ಈರುಳ್ಳಿ ಮಾರುತ್ತಿದ್ದ ಹೆಂಗಸು ನಕ್ಕಳು. “ನಿದ್ದೆ ಅಲ್ಲ ಕಣಮ್ಮಾ. ನಿನ್ನ ಮಗಳು ಬೋರ್ಡಿಗೆ ಮುತ್ತು ಕೊಡೋಳ ಥರ ಹತ್ರ ಹೋಗಿ ಓದ್ತಾಳೆ. ಇವತ್ತು ಅಲ್ಲಿ ಜನ ಇದ್ರು, ಹತ್ರ ಹೋಗೋಕ್ಕಾಗ್ಲಿಲ್ಲ, ಅಷ್ಟೆ.”

ಅಮ್ಮ ಚೀಲವನ್ನು ಕೆಳಗಿಟ್ಟಳು. ರಸ್ತೆಯ ಆ ತುದಿಯಲ್ಲಿ ಬಸ್ಸೊಂದು ತಿರುಗಿಕೊಂಡು ಬರುತ್ತಿತ್ತು. “ಅದು ಎಷ್ಟನೇ ನಂಬರು ಹೇಳು.”

ಹುಡುಗಿ ತಲೆಯನ್ನು ಸ್ವಲ್ಪ ಓರೆ ಮಾಡಿ ನಿಂತಳು. ಬಸ್ಸು ಹತ್ತಿರ ಬಂದು ಬ್ರೇಕ್ ಹಾಕಿದ ಮೇಲೆ “ಏಳು” ಅಂದಳು.

“ಓದಿದ್ಯಾ, ಕೇಳಿಸಿಕೊಂಡ್ಯಾ?”

“ಏಳರ ಬ್ರೇಕು ಕಿರುಚುತ್ತೆ.”

“ಎಷ್ಟು ದಿನದಿಂದ ಹೀಗೆ?”

“ಪರೀಕ್ಷೆಗೆ ಮುಂಚಿನಿಂದ. ನಾನು ಹೇಳಿದ್ದೆ.”

“ಯಾವಾಗ ಹೇಳಿದ್ದೆ? ಯಾರಿಗೆ?”

“ನಿನಗೇ. ನೀನು ಡೈರಿಗಳಿಗೆ ಅಂಟು ಹಾಕ್ತಾ ಇದ್ದೆ. ಸ್ಕೂಲಲ್ಲಿ ಬೋರ್ಡು ಮಸುಕಾಗಿ ಕಾಣುತ್ತೆ ಅಂದೆ. ನೀನು ‘ನೋಡೋಣ’ ಅಂದೆ.” ದೂರು ಹೇಳುವ ದನಿಯಲ್ಲ, ಬೆಲೆ ಒಪ್ಪಿಸುವ ದನಿ. “ಅದಕ್ಕೆ ಸುಮ್ಮನಾದೆ. ಮಿಸ್ ಹತ್ರ ಕೇಳಿ ಮುಂದಿನ ಬೆಂಚಿಗೆ ಹೋದೆ.”

ಅಮ್ಮನಿಗೆ ನೆನಪಾಯಿತು. ಕೆಲಸ ಜಾಸ್ತಿ ಇದ್ದ ವಾರ, ಡೈರಿಗಳ ಕಟ್ಟುಗಳನ್ನು ಮನೆಗೇ ತಂದಿದ್ದಳು, ಕೈ ತುಂಬ ಅಂಟು. ಅವಳು ನೋಡೋಣ ಅಂದದ್ದು ನಿಜ. ಆದರೆ ಆ ಒಂದು ಸಲ, ನಾಲ್ಕು ವರ್ಷದಲ್ಲಿ ಬಹುಶಃ ಅದೊಂದೇ ಸಲ, ಅವಳು ನೋಡೋಣ ಅಂದದ್ದು ನೋಡುವುದಕ್ಕೇ. ಆಮೇಲೆ ಮರೆತಿದ್ದಳು. ಮಗಳು ಮರೆತಿರಲಿಲ್ಲ, ಅರ್ಥ ಮಾಡಿಕೊಂಡಿದ್ದಳು.

“ಅವತ್ತು ನಾನು ಅಂದಿದ್ದು ನಿಜವಾದ ನೋಡೋಣ ಕಣೇ.”

“ಯಾವುದು ಯಾವ ನೋಡೋಣ ಅಂತ ನನಗೆ ಹೇಗೆ ಗೊತ್ತಾಗುತ್ತೆ ಅಮ್ಮಾ?”

ಅಮ್ಮ ಚೀಲ ಎತ್ತಿಕೊಂಡಳು, ಮನೆಗೆ ಹೋಗಿ ಚೀಟಿಯಿಲ್ಲದ ಡಬ್ಬಿಯನ್ನು ಕೆಳಗಿಳಿಸಿದಳು. ಮಂತ್ರಿ ಅಡ್ಡ ಬಂದಳು.

“ಅದು ಯಂತ್ರದ್ದು.”

“ಹೌದು.”

“ಮುಂದಿನ ಬೆಂಚಲ್ಲಿ ಕಾಣುತ್ತೆ ಅಮ್ಮಾ. ಚೆನ್ನಾಗೇ ಕಾಣುತ್ತೆ.”

“ನಡಿ, ಚಪ್ಪಲಿ ಹಾಕ್ಕೋ.”

ಕನ್ನಡಕದ ಅಂಗಡಿ ಎರಡು ಬೀದಿ ಆಚೆ. ಅಲ್ಲಿನ ಯಜಮಾನರಿಗೆ ವಯಸ್ಸಾಗಿತ್ತು, ಅವರ ಕನ್ನಡಕಕ್ಕೇ ಒಂದು ಕಡೆ ದಾರ ಕಟ್ಟಿತ್ತು. ಒಳಕೋಣೆಯಲ್ಲಿ ಒಬ್ಬ ಮುದುಕ ಟೇಲರ್ ಸ್ಟೂಲಿನ ಮೇಲೆ ಕೂತು ಎದುರು ಗೋಡೆಯ ಅಕ್ಷರದ ಹಲಗೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಪರದೆಯ ಈಚೆ ಬೆಂಚಿನ ಮೇಲೆ ಇವರಿಬ್ಬರು. ಅಮ್ಮ ಗೋಡೆಗೆ ಹಾಕಿದ್ದ ಬೆಲೆಪಟ್ಟಿ ನೋಡಿ ಮನಸ್ಸಿನಲ್ಲೇ ಡಬ್ಬಿಯನ್ನು ಎರಡು ಸಲ ಖಾಲಿ ಮಾಡಿದಳು. ಮಂತ್ರಿ ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುತ್ತಿದ್ದಳು. ಹೆದರಿದೆ ಮಗು ಅಂದುಕೊಂಡು ಅಮ್ಮ ಅವಳ ಬೆನ್ನು ಸವರಿದಳು.

ಸರದಿ ಬಂತು. ಯಜಮಾನರು ಹುಡುಗಿಯ ಒಂದು ಕಣ್ಣಿಗೆ ರಟ್ಟು ಮುಚ್ಚಿದರು. “ಓದು ಪಾಪು, ಮೇಲಿಂದ.”

ಮಂತ್ರಿ ಓದಿದಳು. ಮೇಲಿನ ದಪ್ಪ ಅಕ್ಷರದಿಂದ ಕೆಳಗಿನ ಇರುವೆ ಅಕ್ಷರದವರೆಗೆ ಒಂದೇ ಉಸಿರಿನಲ್ಲಿ, ಎಲ್ಲೂ ತಡವರಿಸದೆ ಓದಿದಳು. ಕೊನೆಯ ಸಾಲಿನಲ್ಲಿ ಮಾತ್ರ, “ನ, ಗ, ಷ... ಅಲ್ಲ, ಪ... ಷ ಇರ್ಬೇಕು,” ಅಂದಳು.

ಯಜಮಾನರು ರಟ್ಟು ಇಳಿಸಿ ಅವಳನ್ನು ನೋಡಿದರು. ಆಮೇಲೆ ನಕ್ಕರು, ಹೊಟ್ಟೆ ಕುಲುಕುವಷ್ಟು. “ಎಲ್ಲಾ ಸರಿಯಾಗಿ ಓದಿದೆ ಪಾಪು. ಟೇಲರು ತಡವರಿಸಿದ್ದನ್ನೂ ಬಿಟ್ಟಿಲ್ಲ. ಆದ್ರೆ ನೀನು ಬರೋಕ್ಕೆ ಮುಂಚೆ ಹಲಗೆ ತಿರುಗಿಸಿದೆ. ನೀನು ಓದಿದ್ದೆಲ್ಲಾ ಈಗ ಗೋಡೆ ಕಡೆ ಮುಖ ಮಾಡಿಕೊಂಡಿದೆ.”

ಹುಡುಗಿಯ ಮುಖ ಸಪ್ಪಗಾಯಿತು.

ಅಮ್ಮನಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇದು ಸುಳ್ಳಲ್ಲ, ಉಳಿತಾಯ ಅಂತ ಅವಳಿಗೆ ಗೊತ್ತಿತ್ತು. ಉಳಿತಾಯ ಹೇಳಿಕೊಟ್ಟವಳು ತಾನೇ. ಕಣ್ಣಿನವರೆಗೆ ಬಂದು ಮುಟ್ಟುತ್ತದೆ ಅಂತ ಮಾತ್ರ ಅಂದುಕೊಂಡಿರಲಿಲ್ಲ. ಸ್ಟೂಲಿನ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು.

“ಮಂತ್ರಿಗಳೇ.”

“ಹ್ಞೂಂ.”

“ದಿನಸಿ ನಿಮ್ಮ ಖಾತೆ, ಆಯ್ತು. ಕಣ್ಣು, ಹಲ್ಲು, ಜ್ವರ, ಇವು ನಿಮ್ಮ ಖಾತೆ ಅಲ್ಲ. ಇವು ನನ್ನವು. ಇದರಲ್ಲಿ ನೀವು ಕೈ ಹಾಕಿದ್ರೆ ರಾಜೀನಾಮೆ ತಗೋತೀನಿ.”

“ಯಂತ್ರ ಇನ್ನೊಬ್ರಿಗೆ ಮಾರಿಬಿಟ್ರೆ?”

“ಮಾರ್ಲಿ. ಯಂತ್ರ ಇನ್ನೊಂದು ಸಿಗುತ್ತೆ. ಈಗ ಕಾಣದಿದ್ರೆ ಕಾಣಲ್ಲ ಅನ್ನು.”

ಹುಡುಗಿ ಹಲಗೆಯ ಕಡೆ ತಿರುಗಿದಳು. ಎರಡನೇ ಸಾಲಿಗೆ “ಕಾಣಲ್ಲ” ಅಂದಳು. ಮೂರನೆಯದಕ್ಕೂ ಅಂದಳು. ಯಜಮಾನರು ಒಂದೊಂದೇ ಗಾಜು ಬದಲಿಸುತ್ತಾ ಹೋದರು, ಅಮ್ಮ ಬಾಗಿಲಿಗೆ ಒರಗಿ ನಿಂತು ಕೇಳಿದಳು.

ಚೀಟಿ ಬರೆಯುವುದಕ್ಕೆ ಯಜಮಾನರು ರಿಜಿಸ್ಟರ್ ತೆಗೆದಾಗ ಅದರಿಂದ ನಾಲ್ಕು ಹಾಳೆ ನೆಲಕ್ಕೆ ಬಿದ್ದವು. ಅಮ್ಮ ಎತ್ತಿಕೊಟ್ಟಳು, ರಿಜಿಸ್ಟರನ್ನು ಮಗುಚಿ ನೋಡಿದಳು. ಕೆಲಸದ ಕೈ ಸುಮ್ಮನಿರುತ್ತದೆಯೇ.

“ಇದರ ಬೆನ್ನು ಮುರಿದಿದೆ ಸಾರ್. ಇಂಥವು ಎಷ್ಟಿವೆ?”

“ಹಳೇವೆಲ್ಲಾ ಸೇರಿದ್ರೆ ಒಂಬತ್ತು. ಯಾಕಮ್ಮಾ?”

“ಒಂಬತ್ತಕ್ಕೂ ಗಟ್ಟಿ ಬೈಂಡ್ ಹಾಕಿಕೊಡ್ತೀನಿ. ಗಾಜಿನ ದುಡ್ಡು ಈಗ ಕೊಡ್ತೀನಿ. ಫ್ರೇಮಿನ ದುಡ್ಡು ನೀವು ಕೇಳಬಾರದು.”

“ಒಂಬತ್ತು ಯಾಕಮ್ಮಾ, ಆರು ರಿಜಿಸ್ಟರಿನ ಬೈಂಡಿಗೇ ಆ ಫ್ರೇಮಿನ ಬೆಲೆ ಬರುತ್ತೆ.”

“ಹಾಗಾದ್ರೆ ಮೂರು ನಾನು ನಿಮಗೆ ಬಿಟ್ಟಿ ಮಾಡಿಕೊಡ್ತಿದೀನಿ. ನೀವೂ ಕನ್ನಡಕ ಇಡೋಕೆ ಒಂದು ಡಬ್ಬಿ ಸೇರಿಸಿ.”

ಯಜಮಾನರು ದಾರ ಕಟ್ಟಿದ ಕನ್ನಡಕದ ಮೇಲಿನಿಂದ ಅವಳನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. “ಹುಡುಗಿ ಯಾರ ಹಾಗೆ ಅಂತ ಈಗ ಗೊತ್ತಾಯ್ತು,” ಅಂದು ಡಬ್ಬಿ ಹುಡುಕಲು ಒಳಗೆ ಹೋದರು.

ಮುಂದಿನ ಶುಕ್ರವಾರ ಕನ್ನಡಕ ಬಂತು. ಯಂತ್ರ ಮಾರುವವರಿಗೆ ಎರಡು ತಿಂಗಳು ತಡವಾಗುತ್ತೆ ಅಂತ ಅಮ್ಮ ಹೇಳಿ ಕಳಿಸಿದ್ದಳು. ಕಾಯುತ್ತೇವೆ ಅಂತಲೂ ಅವರು ಹೇಳಲಿಲ್ಲ, ಕಾಯುವುದಿಲ್ಲ ಅಂತಲೂ ಹೇಳಲಿಲ್ಲ. ಒಂಬತ್ತು ರಿಜಿಸ್ಟರುಗಳು ಅಡುಗೆಮನೆಯ ಮೂಲೆಯಲ್ಲಿ ಸಾಲಾಗಿ ಕೂತಿದ್ದವು.

ಅವತ್ತು ಸಂಜೆ ಅಮ್ಮ ಗೋಡೆಯ ಕ್ಯಾಲೆಂಡರ್ ಪಕ್ಕ ಒಂದು ಪೆನ್ಸಿಲನ್ನು ದಾರದಲ್ಲಿ ತೂಗುಹಾಕಿದಳು. ಬೈಂಡಿಂಗಿನ ದಾರ, ಗಟ್ಟಿ.

“ಇನ್ಮೇಲೆ ಆಗಲ್ಲ ಅನ್ನೋದಕ್ಕೆ ಇಲ್ಲ ಅಂತೀನಿ. ನಿನಗೆ ಬೇಜಾರಾಗಬಹುದು.”

“ಆಗ್ಲಿ ಬಿಡು.”

“ನೋಡೋಣ ಅಂದ್ರೆ ನೀನು ತಾರೀಕು ಕೇಳಬೇಕು. ನಾನು ತಾರೀಕು ಕೊಟ್ರೆ ಅದು ನೋಡೋಣ. ಕೊಡದಿದ್ರೆ ಇಲ್ಲ ಅಂತ ನನ್ನ ಬಾಯಿಂದಲೇ ಹೇಳಿಸಬೇಕು.”

ಮಂತ್ರಿ ಪೆನ್ಸಿಲನ್ನು ಒಮ್ಮೆ ಎಳೆದು ನೋಡಿದಳು. “ಸೈಕಲ್?”

“ಇಲ್ಲ.”

ಹುಡುಗಿಗೆ ಯಾಕೋ ನಗು ಬಂತು. ಅಮ್ಮನಿಗೂ ಬಂತು.

ಶನಿವಾರ ಸಂತೆಬೀದಿಯಲ್ಲಿ ಮಂತ್ರಿ ಯಾವ ಹಲಗೆಯ ಹತ್ತಿರಕ್ಕೂ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ನಡುಬೀದಿಯಲ್ಲಿ ನಿಂತು ಎರಡೂ ಕಡೆಯ ಹಲಗೆ ಓದಿ ಮುಗಿಸಿ ನಲ್ಲಿಯ ಹತ್ತಿರ ಮೊದಲೇ ಬಂದು ಕಾಯುತ್ತಿದ್ದಳು. ಅಮ್ಮ ಬರುವುದನ್ನು ಅಷ್ಟು ದೂರದಿಂದ ನೋಡುತ್ತಿದ್ದಳು.

“ಅಮ್ಮಾ, ನಿನಗೆ ಕಿವಿ ಮೇಲೆ ಬಿಳಿ ಕೂದಲು ಬಂದಿದೆ.”

“ಇದನ್ನ ಕೇಳೋಕೆ ಅಷ್ಟು ದುಡ್ಡು ಕೊಟ್ಟೆ ನೋಡು ನಾನು.”

“ಚಪ್ಪಲಿ ಪಟ್ಟಿ ಎರಡು ಕಡೆ ಕಿತ್ತು ಹೋಗಿದೆ. ಪುಸ್ತಕದ ದಾರ ಹಾಕಿ ಹೊಲಿದಿದೀಯ.”

“ಗಟ್ಟಿ ಇದೆ ಅದು. ಈರುಳ್ಳಿ ಎಲ್ಲಿ ಅಗ್ಗ ಹೇಳು.”

“ಹೊಸ ಚಪ್ಪಲಿ ತಗೋ ಅಮ್ಮಾ.”

“ನೋಡೋಣ,” ಅಂದಳು ಅಮ್ಮ, ಚೀಲ ಬಿಚ್ಚುತ್ತಾ, ಅಭ್ಯಾಸಬಲದಿಂದ.

ಮಂತ್ರಿ ಅಂಗೈ ಅಗಲದ ಪುಸ್ತಕ ತೆಗೆದು ಪೆನ್ಸಿಲ್ ಹಿಡಿದು ನಿಂತಳು. ಗಾಜಿನ ಹಿಂದೆ ಎರಡು ಕಣ್ಣು ರೆಪ್ಪೆ ಬಡಿಯದೆ ಕಾಯುತ್ತಿದ್ದವು.

“ಯಾವ ತಾರೀಕು?”

ಅಮ್ಮ ತಪ್ಪಿಸಿಕೊಳ್ಳಲು ದಾರಿಯಿದೆಯೇ ಅಂತ ಬೀದಿಯ ಎರಡೂ ಕಡೆ ನೋಡಿದಳು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಈರುಳ್ಳಿಯವಳು ಕಿವಿ ಇತ್ತ ಕೊಟ್ಟು ಕೂತಿದ್ದಳು.

“ಐದು,” ಅಂದಳು ಕೊನೆಗೆ. “ಸಂಬಳ ಆದ್ಮೇಲೆ, ಐದನೇ ತಾರೀಕು.”

ಮಂತ್ರಿ ಬರೆದುಕೊಂಡಳು.