ಒರೆಸುವ ಕೈ

ಹಿಂಡಿದ ದುಪ್ಪಟಿಯ ಒಂದು ತುದಿಯಷ್ಟೇ ಹಗ್ಗದ ಮೇಲೆ ಬಿದ್ದಿತ್ತು. ಅಷ್ಟರಲ್ಲಿ ದಡಕ್ಕೆ ಎಳೆದು ನಿಲ್ಲಿಸಿದ್ದ ದೋಣಿಯಿಂದ ಮಗಳು ಕೂಗಿದಳು.

"ಅಮ್ಮಾ, ಮತ್ತೆ ಎದ್ದಿದೆ ನೋಡು!"

ದುಪ್ಪಟಿಯನ್ನು ಬಕೆಟ್ಟಿಗೆ ಹಾಕಿ ತಾಯಿ ಏಣಿ ಹತ್ತಿದಳು. ಹೋದ ವಾರ ಬಳಿದಿದ್ದ ವಾರ್ನಿಷ್ ದೋಣಿಯ ಅಂಚಿನುದ್ದಕ್ಕೂ ಈರುಳ್ಳಿ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತ್ತು. ಉಗುರು ತಾಗಿಸಿದರೆ ಸಾಕು, ಸುರುಳಿಯಾಗಿ ಬರುತ್ತಿತ್ತು.

ಪಕ್ಕದ ದೋಣಿಯ ನೆರಳಲ್ಲಿ ಉಳಿ ಮಸೆಯುತ್ತಿದ್ದ ಮುದುಕ ಬಡಗಿ ತಲೆಯೆತ್ತಿದ. "ತೇಗ ಅಂದ್ರೆ ನಮ್ಮತ್ತೆ ಇದ್ದ ಹಾಗೆ ಕಣಮ್ಮ. ಎಷ್ಟು ಒರೆಸಿದ್ರೂ ಒಳಗಿಂದು ಮೇಲೆ ಬಂದೇ ಬರುತ್ತೆ. ಒಬ್ರು ಥಿನ್ನರಲ್ಲಿ ಮರದೆಣ್ಣೆ ಒರೆಸಿ ತೆಗೀತಾ ಮುಂದೆ ಹೋಗ್ಬೇಕು, ಆರಿದ ಕೂಡ್ಲೇ ಇನ್ನೊಬ್ರು ಹಿಂದಿಂದ ಬಳೀತಾ ಬರ್ಬೇಕು. ಒಂಟಿ ಕೈಗೆ ಬಗ್ಗೋ ಮರ ಅಲ್ಲ ಅದು."

"ಗೊತ್ತು ತಾತ."

ಗೊತ್ತಿಲ್ಲದೆ ಏನು? ಮದುವೆಯಾದಾಗಿನಿಂದ ಪ್ರತಿ ಬೇಸಿಗೆಯಲ್ಲೂ ಗಂಡ ಒರೆಸುತ್ತಿದ್ದ, ಅವಳು ಬಳಿಯುತ್ತಿದ್ದಳು. ಈಗ ಅವನು ಇನ್ನೊಂದು ಬಂದರಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. 'ಅಪ್ಪ ದೊಡ್ಡ ಹಡಗಿನ ಕೆಲಸಕ್ಕೆ ಹೋಗಿದ್ದಾರೆ' ಎಂದು ಮಗಳಿಗೆ ಹೇಳಿದ್ದಾಗಿತ್ತು. ಇವತ್ತು ನಿಜ ಹೇಳಿಬಿಡಬೇಕು ಎಂದುಕೊಂಡೇ ದಿನವೂ ಮಗಳ ಜಡೆಗೆ ಕೈಹಾಕುವಳು. ಜಡೆ ಮುಗಿಯುತ್ತಿತ್ತು, ನಿಜ ಹಾಗೇ ಉಳಿಯುತ್ತಿತ್ತು.

ಅವಳು ಹಳೆಯದನ್ನೆಲ್ಲ ಕೆರೆದು ತೆಗೆದು, ಮರದ ಎಳೆಗುಂಟ ಉಪ್ಪುಕಾಗದದಿಂದ ಉಜ್ಜಿದಳು. ತಿರುಗಿ ನೋಡಿದರೆ ಮಗಳು ಅಪ್ಪನ ರಬ್ಬರ್ ಗ್ಲೌಸು ಹಾಕಿಕೊಂಡು ನಿಂತಿದ್ದಳು. ಅವು ಮೊಣಕೈವರೆಗೂ ಬಂದಿದ್ದವು.

"ನಾನು ಒರೆಸ್ತೀನಿ."

"ಬೇಡ ಪುಟ್ಟಿ, ಆ ವಾಸನೆಗೆ ತಲೆ ಸುತ್ತುತ್ತೆ."

"ಗಾಳಿ ಬರೋ ಕಡೆ ನಿಂತ್ಕೋತೀನಿ. ಅಪ್ಪನೂ ಹಾಗೇ ನಿಲ್ತಿದ್ರು."

"ಹೂಂ, ಒರೆಸಮ್ಮ ಮೇಸ್ತ್ರಿ," ಎಂದು ಬಡಗಿ ನಕ್ಕ.

ಬಿಳಿ ಬಟ್ಟೆ ಕಂದು ಹಳದಿಗೆ ತಿರುಗಿತು. ಮಗಳು ಅದನ್ನು ಬಿಸಾಕಿ ಇನ್ನೊಂದನ್ನು ಅದ್ದಿದಳು. ಬಟ್ಟೆ ಬೆಳ್ಳಗೇ ಉಳಿಯುವವರೆಗೂ ಅವಳು ಬಿಡಲಿಲ್ಲ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒರೆಸಿದ ಜಾಗ ಆರಿ ಮಂಕಾಗುತ್ತಿದ್ದಂತೆ ಅವಳ ಹಿಂದೆಯೇ ತಾಯಿಯ ಬ್ರಷ್ಷು ತೆಳ್ಳಗೆ ಹರಿಯಿತು. ಇಬ್ಬರೂ ಒಂದು ಬದಿ ಮುಗಿಸಿ, ಹಿಂದುಗಡೆ ಅಪ್ಪ ಕೂರುತ್ತಿದ್ದ ಹಲಗೆಯವರೆಗೆ ಬಂದರು. ಕೂತು ಕೂತು ಅದರ ನಡುವೆ ಸಣ್ಣ ತಗ್ಗು ಬಿದ್ದಿತ್ತು.

ಮಗಳು ಆ ತಗ್ಗನ್ನು ಒರೆಸಿದಳು. ಮತ್ತೊಮ್ಮೆ ಒರೆಸಿದಳು. ತಾಯಿ ಬ್ರಷ್ಷು ಹಿಡಿದು ಕಾದಳು. ಹಲಗೆ ಆಗಲೇ ಆರುತ್ತಿತ್ತು.

"ಅಮ್ಮ," ಎಂದಳು ಮಗಳು, ಮುಖ ತಿರುಗಿಸದೆ. "ಮುಂದಿನ ವರ್ಷಾನೂ ನಾನೇ ಒರೆಸ್ಬೇಕಾ?"