ಹಯಗ್ರೀವನ ತಣ್ಣನೆ ಬೆರಳುಗಳು

ಹಯಗ್ರೀವನ ಬೆರಳುಗಳಿಗೂ ಎಸಿಗೂ ಹಳೇ ವೈರ. ಸ್ವಲ್ಪ ಚಳಿ ತಾಗಿದರೆ ಸಾಕು, ರಕ್ತ ಆ ಕಡೆ ಸುಳಿಯದೆ ಬೆರಳುಗಳು ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತಿದ್ದವು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಆಫೀಸಿನಲ್ಲಿ ಮೇ ತಿಂಗಳಲ್ಲೂ ಉಲ್ಲನ್ ಗ್ಲೌಸ್ ಹಾಕಿಕೊಂಡು ಕೂರುತ್ತಿದ್ದ ಮಹಾರಾಯ. ಹೆಂಡತಿ ಅಲಮೇಲು ಅದನ್ನೆಲ್ಲ ಸಹಿಸಿದ್ದಳು. ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೂ ಇದೇ ಬೆರಳುಗಳು ಅಡ್ಡ ಬಂದಾಗ ಮಾತ್ರ ರೇಗಿಹೋಯಿತು.

ಸಾನಪಾಡಾದ ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಬೆರಳಿಗೆ ಕ್ಲಿಪ್ ಸಿಕ್ಕಿಸಿ ಆಮ್ಲಜನಕ ನೋಡುವ ಯಂತ್ರ ಹೋದ ವಾರ ಬಾಯೇ ಬಿಡಲಿಲ್ಲ. ಅಂಕಿ ಕಾಣದೆ ಅರಿವಳಿಕೆ ಕೊಡುವುದಿಲ್ಲವೆಂದು ಡಾಕ್ಟರ್ ಜ್ಯೋತ್ಸ್ನಾ ವಾಪಸು ಕಳಿಸಿದ್ದರು. ಆಮೇಲೆ ಎರಡು ಸಲ ಗಂಡ ನೋವಿನಿಂದ ನೆಲದ ಮೇಲೆ ಹೊರಳಾಡಿದ್ದನ್ನು ಕಂಡು ಅಲಮೇಲು ಹೆದರಿದ್ದಳು. ಇವತ್ತು ಆಪರೇಷನ್ ಆಗಲೇಬೇಕೆಂದು ಹಟ ತೊಟ್ಟು ಬಂದಿದ್ದಳು.

ಇವತ್ತೂ ಯಂತ್ರ ಮೌನ.

"ಬೆರಳು ಬಿಸಿ ಆಗ್ಬೇಕು ಆಂಟಿ. ಎಂತಾದ್ರೂ ಮಾಡುವ," ಎಂದರು ಉಡುಪಿ ಕಡೆಯ ಜ್ಯೋತ್ಸ್ನಾ.

ಅಲಮೇಲುಗೆ ಥಟ್ಟನೆ ಹೊಳೆಯಿತು. ತನಗೆಂದು ತಂದಿದ್ದ ಫ್ಲಾಸ್ಕಿನ ಕಾಫಿಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ ಗಂಡನ ಕೈಗಿತ್ತಳು. "ರೀ, ಖಾಲಿ ಹೊಟ್ಟೇಲಿರ್ಬೇಕು, ನೆನಪಿದೆ ತಾನೆ? ಸುಮ್ನೆ ಹಿಡ್ಕೊಳ್ಳಿ."

ಹಯಗ್ರೀವ ಭಕ್ತಿಯಿಂದ ಹಿಡಿದುಕೊಂಡ. ಬೆರಳು ಕೆಂಪಾಯಿತು. ಯಂತ್ರ ಕುಂಯ್ ಎಂದಿತು: ತೊಂಬತ್ತೆಂಟು! ಜ್ಯೋತ್ಸ್ನಾ ಹಾಲಿನಂಥ ಬಿಳೀ ಇಂಜೆಕ್ಷನ್ ತುಂಬಿಕೊಳ್ಳಲು ಆ ಕಡೆ ತಿರುಗಿದರು. ಅಲಮೇಲು ಕಣ್ಣು ಮುಚ್ಚಿ ಶ್ರೀನಿವಾಸನಿಗೆ ಕೈಮುಗಿದಳು.

ಕಣ್ಣು ಬಿಟ್ಟಾಗ ಲೋಟ ಖಾಲಿ. ಗಂಡನ ಮೀಸೆಯ ಮೇಲೆ ನೊರೆ.

"ಎಂತ ಮಾರಾಯ್ರೆ, ಕುಡಿದೇ ಬಿಟ್ರಾ?" ಎಂದರು ಜ್ಯೋತ್ಸ್ನಾ.

"ನಾನೆಲ್ಲಿ ಕುಡಿದೆ? ಕೈಗೆ ಲೋಟ ಬಂತು, ಬಾಯಿಗೆ ಹೋಯ್ತು. ಮೂವತ್ತೊಂದು ವರ್ಷದಿಂದ ಹಾಗೇ ಅಲ್ವಾ?"

ಆಪರೇಷನ್ ಮತ್ತೆ ಮುಂದಕ್ಕೆ ಹೋಯಿತು. ಅಲಮೇಲುಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಆಟೋದಲ್ಲಿ ಮನೆ ಮುಟ್ಟುವವರೆಗೂ ಅವಳು ಗಂಡನ ಮುಖ ನೋಡಲಿಲ್ಲ.

ಮುಂದಿನ ಗುರುವಾರ ಲೋಟದಲ್ಲಿ ಬರೀ ಬಿಸಿನೀರು. ಹಯಗ್ರೀವ ಮೂಸಿ ನೋಡಿ ಮುಖ ಸಿಂಡರಿಸಿದ. ಅಂಕಿ ಬಂತು, ಅವನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು.

ಒಂದೂವರೆ ಗಂಟೆಯಾದ ಮೇಲೆ ಜ್ಯೋತ್ಸ್ನಾ ನಗುತ್ತ ಹೊರಬಂದರು. "ಎಲ್ಲ ಚೆನ್ನಾಗಾಯ್ತು ಆಂಟಿ. ಇನ್ನು ಸ್ವಲ್ಪ ಹೊತ್ತಲ್ಲಿ ಪೂರ್ತಿ ಎಚ್ಚರ ಆಗ್ತದೆ. ಇಂಜೆಕ್ಷನ್ ನೋಡಿ, 'ಹಾಲು ಜಾಸ್ತಿ ಆಯ್ತು, ಡಿಕಾಕ್ಷನ್ ಹಾಕಿ' ಅಂತ ಹೇಳಿಯೇ ಮಲಗಿದ್ದು." ಆಮೇಲೆ ಅಲಮೇಲುವಿನ ಕೈ ಹಿಡಿದು ಬೆಚ್ಚಿದರು. "ನಿಮ್ಮ ಬೆರಳೂ ಎಂತ ಹೀಗೆ? ಮಂಜುಗಡ್ಡೆ!"

ಅಲಮೇಲು ಇವತ್ತೂ ತಂದಿದ್ದ ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿ ಅವರೇ ಅವಳ ಕೈಗಿಟ್ಟರು. "ನೀವು ಕುಡೀಬಹುದು."

ಅಲಮೇಲು ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕಣ್ಣೊರೆಸದೆ ಕೂತಳು.

"ಅವರು ಏಳ್ಲಿ. ಹಿಡ್ಕೊಂಡು ಸುಮ್ನಿರೋದು ಹೇಗೆ ಅಂತ ತೋರಿಸ್ಬೇಕು."